ನಾಯಿಯ ಮೈಮೇಲಿನ ಚಿಗಟ: ಬೇವೋ, ಬಾಚಣಿಗೆಯೋ, ಔಷಧವೋ?

ಮನೆಯಲ್ಲಿ ನಾಯಿ ಸಾಕಿದವರಿಗೆ ಚಿಗಟವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಜಗಲಿಯ ಮೇಲೆ ಮಲಗಿದ ನಾಯಿ ತಟ್ಟನೆ ಎದ್ದು ಬಾಲದ ಬುಡವನ್ನು ಕಚ್ಚಿಕೊಳ್ಳತೊಡಗಿದರೆ, ಹಿಂಗಾಲಿನಿಂದ ಕಿವಿಯ ಹಿಂದೆ ಪರಪರ ಕೆರೆದುಕೊಂಡರೆ, ಅದರ ಪಕ್ಕ ಕುಳಿತವರ ಕಣಕಾಲಿನಲ್ಲಿ ಕೆಂಪು ಗಂಧೆಗಳು ಎದ್ದರೆ ಕಾರಣ ಬಹುಮಟ್ಟಿಗೆ ಇದೇ. ಇದಕ್ಕೆ ನೆರೆಹೊರೆಯವರು ಸೂಚಿಸುವ ಮದ್ದುಗಳಿಗೆ ಲೆಕ್ಕವಿಲ್ಲ: ಬೇವಿನೆಣ್ಣೆ, ನಿಂಬೆರಸ, ಬೆಳ್ಳುಳ್ಳಿ, ಕರ್ಪೂರ, ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ. ಔಷಧದಂಗಡಿಗೆ ಹೋದರೆ ಪುಡಿ, ಶಾಂಪೂ, ಕೊರಳಪಟ್ಟಿ, ಬೆನ್ನಿಗೆ ಹಾಕುವ ಹನಿ, ಮಾತ್ರೆ ಎಂದು ಇನ್ನೊಂದು ಪಟ್ಟಿ.

ಇವುಗಳಲ್ಲಿ ಯಾವುದು ಕೆಲಸ ಮಾಡುತ್ತದೆ? ಏಕೆ? ಯಾವುದು ನಾಯಿಯ ಪ್ರಾಣಕ್ಕೇ ಎರವಾಗಬಹುದು? ಇವನ್ನು ತಿಳಿಯಲು 'ಇದು ನೈಸರ್ಗಿಕವೋ, ರಾಸಾಯನಿಕವೋ' ಎಂಬ ಒಂದೇ ಪ್ರಶ್ನೆ ಸಾಲದು. ಚಿಗಟದ ಮೈಕಟ್ಟನ್ನೂ ಅದರ ಬಾಳಿನ ಕ್ರಮವನ್ನೂ ಅರಿತರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಆ ದಾರಿಯಲ್ಲೇ ಹೋಗೋಣ.

ಚಿಗಟವನ್ನು ಗುರುತಿಸುವುದು ಹೇಗೆ?

ನಾಯಿಯ ಮೈಮೇಲೆ ಕಾಣುವುದೆಲ್ಲ ಚಿಗಟವಲ್ಲ. ಉಣ್ಣಿಗೆ (ಮಲೆನಾಡಿನ ಉಣುಗು) ಎಂಟು ಕಾಲು. ಅದು ಜೇಡದ ಬಂಧು. ಅದು ಚರ್ಮಕ್ಕೆ ಕಚ್ಚಿಕೊಂಡು ಒಂದೆಡೆ ನಿಲ್ಲುತ್ತದೆ, ಹಾರುವುದಿಲ್ಲ. ಹೇನು ಕೂದಲಿಗೆ ಅಂಟಿ ನಿಧಾನವಾಗಿ ತೆವಳುತ್ತದೆ. ಚಿಗಟ ಆರು ಕಾಲಿನ, ರೆಕ್ಕೆಯಿಲ್ಲದ ಕೀಟ. ಉದ್ದ 1.5ರಿಂದ 3 ಮಿಲಿಮೀಟರ್, ಬಣ್ಣ ಕಂದು. ಎಡಬಲಗಳಿಂದ ಒತ್ತಿದಂತೆ ಚಪ್ಪಟೆಯಾದ ದೇಹ ಮತ್ತು ಹಿಂದಕ್ಕೆ ಬಾಗಿದ ಮುಳ್ಳುಗಳ ಸಾಲು, ಇವೆರಡರಿಂದ ಅದು ದಟ್ಟ ಕೂದಲಿನ ನಡುವೆ ಸಲೀಸಾಗಿ ನುಸುಳುತ್ತದೆ. ಕೆರೆದರೂ ಸುಲಭವಾಗಿ ಉದುರುವುದಿಲ್ಲ.

ಜಗತ್ತಿನಲ್ಲಿ ಸುಮಾರು 2500 ಬಗೆಯ ಚಿಗಟಗಳಿವೆ. ಸೋಜಿಗವೆಂದರೆ ಹಲವು ದೇಶಗಳಲ್ಲಿ ನಾಯಿಗಳನ್ನು ಹೆಚ್ಚಾಗಿ ಕಾಡುವುದು ನಾಯಿ ಚಿಗಟವಲ್ಲ, ಬೆಕ್ಕಿನ ಚಿಗಟ. ಇದರ ಶಾಸ್ತ್ರೀಯ ಹೆಸರು ಟೀನೊಸೆಫಾಲೈಡಿಸ್ ಫೆಲಿಸ್. ಭಾರತದ ನಾಯಿಗಳಲ್ಲಿ ಇದರ ಹತ್ತಿರದ ಬಂಧುವಾದ ಟೀನೊಸೆಫಾಲೈಡಿಸ್ ಓರಿಯೆಂಟಿಸ್ ಹೆಚ್ಚು. ಮುಂದೆ ಹೇಳುವ ಅಂಕಿಅಂಶಗಳು ಬಹುಪಾಲು ಬೆಕ್ಕಿನ ಚಿಗಟದ ಅಧ್ಯಯನಗಳಿಂದ ಬಂದವು.

ಪ್ಲೇಗ್ ಹರಡಿದ ಚಿಗಟ ಇದೇ ಏನು ಎಂದು ವಿದ್ಯಾರ್ಥಿಗಳು ಕೇಳಬಹುದು. ಅಲ್ಲ. ಅದರ ಮುಖ್ಯ ವಾಹಕ ಇಲಿಯ ಚಿಗಟ. ಇಲಿಗಳಲ್ಲಿ ಪ್ಲೇಗ್ ಹರಡಲು ಚಿಗಟವೇ ಕಾರಣವೆಂದು ಪಾಲ್-ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಅದೇ ವರ್ಷ ಪ್ಲೇಗ್ ಬೆಂಗಳೂರನ್ನೂ ಹೊಕ್ಕಿತ್ತು.

ಒಂದು ನೆಗೆತದ ಭೌತಶಾಸ್ತ್ರ

ಬೆರಳಿಗೆ ಸಿಕ್ಕಿತೆನ್ನುವಷ್ಟರಲ್ಲಿ ಚಿಗಟ ಮಾಯವಾಗುತ್ತದೆ. ಅದು ನೆಗೆಯುವಾಗ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಸೆಕೆಂಡಿಗೆ 1.9 ಮೀಟರ್ ವೇಗ ಪಡೆಯಬಲ್ಲದು. ಅಂದರೆ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ ನೂರು ಪಟ್ಟಿಗೂ ಮಿಕ್ಕಿದ್ದು. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ನೇರ ಮೇಲಕ್ಕೆ ನೆಗೆದಾಗ ಏರಬಹುದಾದ ಎತ್ತರ ಸಿಗುತ್ತದೆ: 3.61 ಭಾಗಿಸು 19.6, ಅಂದರೆ ಸುಮಾರು 18 ಸೆಂಟಿಮೀಟರ್. ಗಾಳಿಯ ತಡೆಯಿಂದ ಇದು ಕೊಂಚ ಕಡಿಮೆಯಾಗುತ್ತದೆ. ಕಚ್ಚಿದ ಗಂಧೆಗಳು ಹೆಚ್ಚಾಗಿ ನಮ್ಮ ಕಣಕಾಲಿನ ಆಸುಪಾಸಿನಲ್ಲೇ ಇರುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಯಾವ ಸ್ನಾಯುವೂ ಇಷ್ಟು ಕ್ಷಿಪ್ರವಾಗಿ ಸಂಕುಚಿಸಲಾರದು. ಚಿಗಟ ಮೊದಲು ನಿಧಾನವಾಗಿ, ಬಿಲ್ಲಿನ ಹೆದೆ ಎಳೆದಂತೆ, ರೆಸಿಲಿನ್ ಎಂಬ ರಬ್ಬರಿನಂಥ ಪ್ರೋಟೀನು ಇರುವ ಭಾಗವನ್ನು ಒತ್ತಿ ಅಲ್ಲಿ ಶಕ್ತಿಯನ್ನು ಸಂಗ್ರಹಿಸುತ್ತದೆ. ಆಮೇಲೆ ಒಮ್ಮೆಗೇ ಬಿಡುತ್ತದೆ. ಬೆನೆಟ್-ಕ್ಲಾರ್ಕ್ ಮತ್ತು ಲ್ಯೂಸಿ 1967ರಲ್ಲಿ ಇದನ್ನು ವಿವರಿಸಿದರು. ಆ ಬಲವನ್ನು ನೆಲಕ್ಕೆ ಒತ್ತುವುದು ಕಾಲಿನ ತುದಿಭಾಗಗಳು ಎಂಬುದನ್ನು ಸಟನ್ ಮತ್ತು ಬರೋಸ್ 2011ರಲ್ಲಿ ಅತಿವೇಗದ ಕ್ಯಾಮರಾ ಬಳಸಿ ತೋರಿಸಿದರು. ನಾಯಿಯ ಚಿಗಟ ಬೆಕ್ಕಿನ ಚಿಗಟಕ್ಕಿಂತ ಹೆಚ್ಚು ನೆಗೆಯುತ್ತದೆ, ಸರಾಸರಿ ದೂರ ಕ್ರಮವಾಗಿ ಸುಮಾರು 30 ಮತ್ತು 20 ಸೆಂಟಿಮೀಟರ್, ಎಂದು ಅಳೆದ ಫ್ರಾನ್ಸಿನ ವಿಜ್ಞಾನಿಗಳಿಗೆ 2008ರಲ್ಲಿ ನಗೆಯ ಇಗ್ ನೊಬೆಲ್ ಬಹುಮಾನವೂ ಬಂತು.

ಇದರಿಂದ ನಮಗೇನು ಪ್ರಯೋಜನ? ನೆಗೆದು ಮೈ ಹತ್ತುವುದು ಇಷ್ಟು ಸುಲಭವಾಗಿರುವಾಗ, ಇಂದು ನಾಯಿಯ ಮೈಯನ್ನು ಪೂರ್ತಿ ಸ್ವಚ್ಛಗೊಳಿಸಿದರೂ ನೆಲದಲ್ಲಿ ಚಿಗಟವಿದ್ದರೆ ನಾಳೆ ಅದು ಮತ್ತೆ ಏರುತ್ತದೆ. ಹಾಗಾದರೆ ನೆಲದಲ್ಲಿ ಎಷ್ಟಿರುತ್ತವೆ?

ನಾಯಿಯ ಮೇಲೆ ಕಾಣುವುದು ಇಪ್ಪತ್ತರಲ್ಲಿ ಒಂದು

ಹೆಣ್ಣು ಚಿಗಟ ನಾಯಿಯ ಮೈ ಏರಿದ ಕೆಲವೇ ನಿಮಿಷಗಳಲ್ಲಿ ರಕ್ತ ಹೀರತೊಡಗುತ್ತದೆ. 24ರಿಂದ 36 ಗಂಟೆಗಳಲ್ಲಿ ಮೊಟ್ಟೆ ಇಡಲು ಆರಂಭಿಸಿ, ದಿನಕ್ಕೆ 40-50ರವರೆಗೂ ಇಡುತ್ತದೆ. ಅರ್ಧ ಮಿಲಿಮೀಟರ್ ಉದ್ದದ ಈ ನುಣುಪಾದ ಬಿಳಿ ಮೊಟ್ಟೆಗಳು ಕೂದಲಿಗೆ ಅಂಟುವುದಿಲ್ಲ. ನಾಯಿ ಎಲ್ಲಿ ಮಲಗುತ್ತದೋ, ಮೈ ಕೊಡವುತ್ತದೋ ಅಲ್ಲಿ ಉದುರುತ್ತವೆ. ಎರಡರಿಂದ ಐದು ದಿನಗಳಲ್ಲಿ ಮೊಟ್ಟೆಯೊಡೆದು ಸಣ್ಣ ಹುಳುಗಳು ಬರುತ್ತವೆ. ಇವು ಕಚ್ಚುವುದಿಲ್ಲ. ದೊಡ್ಡ ಚಿಗಟಗಳ ಹಿಕ್ಕೆಯ ರೂಪದಲ್ಲಿ ಉದುರುವ ಒಣರಕ್ತವೇ ಇವುಗಳ ಮುಖ್ಯ ಆಹಾರ. ಬೆಳಕನ್ನು ಕಂಡರೆ ಆಗದು. ಚಾಪೆಯ ಅಡಿ, ಮಂಚದ ಕೆಳಗಿನ ದೂಳು, ನೆಲದ ಬಿರುಕು, ಅಂಗಳದ ನೆರಳಿನ ಮಣ್ಣು ಇವುಗಳ ಮನೆ. ಒಂದೆರಡು ವಾರಗಳಲ್ಲಿ ರೇಷ್ಮೆಯಂಥ ಗೂಡು ನೇಯ್ದು ಕೋಶಾವಸ್ಥೆಗೆ ಹೋಗುತ್ತವೆ. ಅಂಟಾದ ಆ ಗೂಡಿಗೆ ದೂಳು, ಮರಳು ಮೆತ್ತಿಕೊಂಡು ಅದು ಕಣ್ಣಿಗೆ ಬೀಳುವುದೇ ಇಲ್ಲ.

ಗೂಡಿನೊಳಗೆ ಪೂರ್ಣ ಬೆಳೆದ ಚಿಗಟ ಕೂಡಲೇ ಹೊರಬರಲೇಬೇಕೆಂದಿಲ್ಲ. ನೆಲದ ಕಂಪನ, ಒತ್ತಡ, ಮೈಶಾಖ, ಉಸಿರಿನ ಇಂಗಾಲದ ಡೈಆಕ್ಸೈಡ್ ಇವುಗಳಿಂದ ಅತಿಥೇಯ ಪ್ರಾಣಿ ಬಂದಿತೆಂದು ತಿಳಿಯುವತನಕ ತಿಂಗಳುಗಟ್ಟಲೆ ಕಾದಿರಬಲ್ಲದು. ಬೇಸಿಗೆ ರಜೆಯಲ್ಲಿ ಬೀಗ ಹಾಕಿದ್ದ ಮನೆಗೆ ಹಿಂತಿರುಗಿದ ದಿನವೇ ಚಿಗಟಗಳು ಮುತ್ತುವುದರ ಗುಟ್ಟು ಇದು.

ಚಿಗಟ ಹತ್ತಿದ ಮನೆಯಲ್ಲಿ ಒಟ್ಟು ಸಂಖ್ಯೆಯ ಸುಮಾರು 50 ಶೇಕಡ ಮೊಟ್ಟೆ, 35 ಶೇಕಡ ಮರಿಹುಳು, 10 ಶೇಕಡ ಗೂಡು, ಉಳಿದ 5 ಶೇಕಡ ಮಾತ್ರ ದೊಡ್ಡ ಚಿಗಟಗಳು ಎಂಬ ಅಂದಾಜು ಪಶುವೈದ್ಯ ಗ್ರಂಥಗಳಲ್ಲಿ ಬಳಕೆಯಲ್ಲಿದೆ. ನಾಯಿಯ ಮೇಲೆ ನೀವು 20 ಚಿಗಟಗಳನ್ನು ಕಂಡರೆ ಇನ್ನೂ 380 ನೆಲದಲ್ಲಿವೆ ಎಂದು ಲೆಕ್ಕ. ಬೆಳವಣಿಗೆಯನ್ನೂ ಲೆಕ್ಕ ಹಾಕಿ. 10 ಹೆಣ್ಣು ಚಿಗಟಗಳು ದಿನಕ್ಕೆ ತಲಾ 40 ಮೊಟ್ಟೆಯಂತೆ ವಾರಕ್ಕೆ 2800 ಇಡುತ್ತವೆ. 20 ಮೊಟ್ಟೆಗಳಲ್ಲಿ ಒಂದೇ ಬದುಕಿತೆಂದರೂ, ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಆ ಒಂದು ವಾರದ ಫಲವಾಗಿ 140 ಹೊಸ ಚಿಗಟಗಳು ಬರುತ್ತವೆ.

ಇದು ಬರಿಯ ತುರಿಕೆಯ ವಿಷಯವಲ್ಲ

ಒಂದು ಹೆಣ್ಣು ಚಿಗಟ ದಿನಕ್ಕೆ ಸುಮಾರು 13.6 ಮೈಕ್ರೋಲೀಟರ್ ರಕ್ತ ಹೀರುತ್ತದೆ. ಇದು ಅದರ ತೂಕದ 15 ಪಟ್ಟು. ಒಂದು ಕಿಲೋಗ್ರಾಂ ತೂಕದ ನಾಯಿಮರಿಯ ಮೈಯಲ್ಲಿರುವ ರಕ್ತ ಸುಮಾರು 85 ಮಿಲಿಲೀಟರ್. ನೂರು ಹೆಣ್ಣು ಚಿಗಟಗಳು ಹತ್ತು ದಿನಗಳಲ್ಲಿ ಹೀರುವುದು 13.6 ಮಿಲಿಲೀಟರ್, ಅಂದರೆ ಆರರಲ್ಲಿ ಒಂದು ಪಾಲು. ಹೊಸ ರಕ್ತ ತಯಾರಾಗುತ್ತಿದ್ದರೂ ಎಳೆಯ ದೇಹಕ್ಕೆ ಇದು ಭಾರವೇ. ಮಳೆಗಾಲದಲ್ಲಿ ಹುಟ್ಟಿದ ಮರಿಗಳು ಒಸಡು ಬಿಳಿಚಿಕೊಂಡು, ಹಾಲು ಕುಡಿಯಲೂ ಆಗದೆ ಸೊರಗಿದರೆ ಮೈಕೂದಲನ್ನು ಬಿಡಿಸಿ ನೋಡಿ. ರಕ್ತಹೀನತೆಯಿಂದ ಮರಿಗಳು ಸಾಯುವುದುಂಟು.

ಕೆಲವು ನಾಯಿಗಳಿಗೆ ಚಿಗಟದ ಜೊಲ್ಲು ಒಗ್ಗುವುದಿಲ್ಲ. ಅಂಥವಕ್ಕೆ ಬೆರಳೆಣಿಕೆಯ ಕಡಿತಗಳೇ ಸಾಕು, ಸೊಂಟದ ಕೂದಲು ಉದುರಿ ಚರ್ಮ ಹುಣ್ಣಾಗುತ್ತದೆ. ಚಿಗಟದ ಮರಿಹುಳು ಒಂದು ಜಾತಿಯ ಲಾಡಿಹುಳುವಿನ ಮೊಟ್ಟೆಯನ್ನು ತಿಂದಿರುತ್ತದೆ. ಮೈ ಕಚ್ಚಿಕೊಳ್ಳುವಾಗ ನಾಯಿ ಆ ಚಿಗಟವನ್ನು ನುಂಗಿದರೆ ಲಾಡಿಹುಳು ಅದರ ಕರುಳಿಗೆ ಸೇರುತ್ತದೆ. ನಾಯಿಯೊಡನೆ ಆಡುವ ಚಿಕ್ಕ ಮಕ್ಕಳಿಗೂ ಇದು ಅಪರೂಪವಾಗಿ ತಗಲುತ್ತದೆ. ನಾಯಿಯ ಗುದದ ಬಳಿ ಸೌತೆಬೀಜದಂಥ ಬಿಳಿ ತುಣುಕುಗಳು ಕಂಡರೆ ಹುಳುವಿಗೂ ಔಷಧ ಕೊಡಿಸಬೇಕು.

ಔಷಧವಿಲ್ಲದೆ ಏನೇನು ಸಾಧ್ಯ?

ಮೊದಲನೆಯದು ಬಾಚಣಿಗೆ. ಹೇನು ತೆಗೆಯುವ ಒತ್ತು ಹಲ್ಲಿನ ಬಾಚಣಿಗೆಯಿಂದ ಕುತ್ತಿಗೆ, ಹೊಟ್ಟೆ, ಬಾಲದ ಬುಡ ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿನ ಬಟ್ಟಲಿಗೆ ಅದ್ದಿ. ಬರಿಯ ನೀರಾದರೆ ಮೇಲ್ಮೈ ಎಳೆತದಿಂದಾಗಿ ಹಗುರವಾದ ಚಿಗಟ ನೀರಿನ ಮೇಲೆ ನಿಂತು ಮತ್ತೆ ನೆಗೆದೀತು. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 0.072 ನ್ಯೂಟನ್, ಸೋಪು ಬೆರೆತರೆ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಜೊತೆಗೆ ನೀರು ಚಿಗಟದ ಮೈಯ ಮೇಣದ ಪದರವನ್ನು ತೋಯಿಸುತ್ತದೆ. ಆಗ ಚಿಗಟ ಮುಳುಗುತ್ತದೆ.

ಎರಡನೆಯದು ಸ್ನಾನ. ನಾಯಿಗೆ ಒಗ್ಗುವ ಸೌಮ್ಯ ಶಾಂಪೂ ಸಾಕು. ನೀರು ಬಿದ್ದೊಡನೆ ಚಿಗಟಗಳು ತಲೆಯ ಕಡೆಗೆ ಓಡುತ್ತವೆ. ಆದ್ದರಿಂದ ಮೊದಲು ಕೊರಳ ಸುತ್ತ ನೊರೆಯ ಬಳೆಯೊಂದನ್ನು ಮಾಡಿ, ಆಮೇಲೆ ಉಳಿದ ಮೈಗೆ ಹಚ್ಚಿ. ಐದು ಹತ್ತು ನಿಮಿಷ ನೊರೆಯನ್ನು ಹಾಗೇ ಬಿಟ್ಟು ತೊಳೆಯಿರಿ.

ಮೂರನೆಯದು, ಹೆಚ್ಚಿನವರು ಮರೆಯುವ ಮುಖ್ಯ ಕೆಲಸ: ನೆಲ. ಮರಿಹುಳುವಿನ ದೌರ್ಬಲ್ಯ ಅದರ ಗಾತ್ರದಲ್ಲಿದೆ. 10 ಸೆಂಟಿಮೀಟರ್ ಬದಿಯ ಘನಕ್ಕಿಂತ 1 ಮಿಲಿಮೀಟರ್ ಬದಿಯ ಘನಕ್ಕೆ ಗಾತ್ರದ ಲೆಕ್ಕದಲ್ಲಿ ಮೇಲ್ಮೈ ನೂರು ಪಟ್ಟು ಹೆಚ್ಚು. ಹೀಗಾಗಿ ಪುಟ್ಟ ಜೀವಿ ಬಹು ಬೇಗ ನೀರು ಕಳೆದುಕೊಂಡು ಒಣಗುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ 50 ಶೇಕಡಕ್ಕಿಂತ ಕಡಿಮೆಯಾದರೆ ಮರಿಹುಳು ಬದುಕುವುದು ಕಷ್ಟ. 35 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖವೂ ಅದಕ್ಕೆ ಮಾರಕ. ಮಳೆಗಾಲದ ಕರಾವಳಿ ಚಿಗಟಕ್ಕೆ ಸ್ವರ್ಗವಾಗುವುದು, ಏಪ್ರಿಲ್-ಮೇ ತಿಂಗಳ ರಾಯಚೂರಿನ ಬಯಲು ನರಕವಾಗುವುದು ಇದರಿಂದಲೇ. ಆದರೆ ರಾಯಚೂರಿನಲ್ಲೂ ನೀರಿನ ಹಂಡೆಯ ಪಕ್ಕದ ತಂಪು ಮೂಲೆ ಅದಕ್ಕೆ ಆಸರೆಯಾಗಬಹುದು.

ಆದ್ದರಿಂದ ನಾಯಿ ಮಲಗುವ ಗೋಣಿಚೀಲ, ಹಾಸಿಗೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿಯಾದ ನೀರಿನಲ್ಲಿ ತೊಳೆದು ನಡುಹಗಲ ಬಿಸಿಲಿಗೆ ಹರವಿ. ಬಿರುಕುಗಳನ್ನು ಗಾರೆಯಿಂದ ಮುಚ್ಚಿ. ಮಂಚ, ಸೋಫಾಗಳ ಅಡಿ ದಿನವೂ ಗುಡಿಸಿ, ಕಸವನ್ನು ಮೂಲೆಯಲ್ಲಿ ಗುಡ್ಡೆ ಹಾಕದೆ ಸೋಪಿನ ನೀರಿಗೆ ಹಾಕಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು. ಅದರ ಕಂಪನ ಗೂಡಿನಲ್ಲಿರುವ ಚಿಗಟಗಳನ್ನೂ ಎಬ್ಬಿಸಿ ಹೊರತರುತ್ತದೆ.

ಡಯಾಟಮ್ ಮಣ್ಣು ಎಂಬ ನುಣುಪಾದ ಪುಡಿಯೂ ಒಣಗಿಸುವ ತತ್ವದ ಮೇಲೇ ಕೆಲಸ ಮಾಡುತ್ತದೆ. ಪಾಚಿಗಳ ಸಿಲಿಕಾ ಚಿಪ್ಪುಗಳಾದ ಇದು ಕೀಟದ ಹೊರಪದರದ ಮೇಣವನ್ನು ಹೀರಿ ನೀರು ಆರುವಂತೆ ಮಾಡುತ್ತದೆ. ಆದರೆ ತೇವದಲ್ಲಿ ಇದರ ಆಟ ನಡೆಯದು. ಪುಡಿಯನ್ನು ಉಸಿರಾಡುವುದು ನಾಯಿಗೂ ನಮಗೂ ಒಳ್ಳೆಯದಲ್ಲ.

ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವೇ?

ಬೇವಿನ ಬೀಜದಿಂದ 1968ರಲ್ಲಿ ಬೇರ್ಪಡಿಸಲಾದ ಅಜಾಡಿರಾಕ್ಟಿನ್ ಕೀಟಗಳ ಪೊರೆ ಬಿಡುವ ಕ್ರಿಯೆಯನ್ನು ಕೆಡಿಸುತ್ತದೆ. ಇದು ನಿಜವಾದ ಗುಣ. ಆದರೆ ಅದು ಬೆಳೆಯುತ್ತಿರುವ ಮರಿಹುಳುಗಳಿಗೆ ತಟ್ಟಬೇಕಾದದ್ದು. ಅವು ಇರುವುದು ನಾಯಿಯ ಮೇಲಲ್ಲ, ನೆಲದಲ್ಲಿ. ಜೊತೆಗೆ ಬಿಸಿಲಿಗೆ ಅದು ಬೇಗ ಒಡೆದುಹೋಗುತ್ತದೆ. ಬೇವಿನೆಣ್ಣೆಯನ್ನು ತೆಳುಮಾಡಿ ಹಚ್ಚಿದರೆ ಸ್ವಲ್ಪ ಮಟ್ಟಿಗೆ ಚಿಗಟವನ್ನು ದೂರವಿಡಬಹುದು, ಆದರೆ ತೀವ್ರ ಹಾವಳಿಗೆ ಅದೊಂದೇ ಸಾಲದು. ನಿಂಬೆಯ ಸಿಪ್ಪೆಯಲ್ಲಿರುವ ಲಿಮೊನೀನ್ ಎಣ್ಣೆ ಚಿಗಟವನ್ನು ಕೊಲ್ಲಬಲ್ಲದು; ನಿಂಬೆಯ ರಸದಲ್ಲಿ ಅದು ತೀರ ಕಡಿಮೆ. ಕೆರೆದು ಗಾಯವಾದ ಚರ್ಮಕ್ಕೆ ರಸ ಹಿಂಡಿದರೆ ಉರಿ ಮಾತ್ರ ಖಂಡಿತ.

ಇವಿಷ್ಟು ನಿಷ್ಪ್ರಯೋಜಕವಾದರೂ ಹೆಚ್ಚು ಕೆಡುಕಿಲ್ಲದವು. ಮುಂದಿನವು ಹಾಗಲ್ಲ. ಬೆಳ್ಳುಳ್ಳಿ ಮತ್ತು ಈರುಳ್ಳಿಯ ಗಂಧಕಯುಕ್ತ ರಾಸಾಯನಿಕಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಚಿಗಟದಿಂದ ಮೊದಲೇ ರಕ್ತ ಕಳೆದುಕೊಂಡ ಮರಿಗೆ ಬೆಳ್ಳುಳ್ಳಿ ತಿನ್ನಿಸುವುದು ಗಾಯದ ಮೇಲೆ ಬರೆ ಎಳೆದಂತೆ. ಹೊಗೆಸೊಪ್ಪಿನ ನೀರಿನ ನಿಕೋಟಿನ್ ಚರ್ಮದ ಮೂಲಕವೂ ಒಳಸೇರುವ ವಿಷ. ಕರ್ಪೂರ, ನುಸಿಗುಳಿಗೆ, ಟೀ-ಟ್ರೀ ಎಣ್ಣೆಗಳನ್ನು ನಾಯಿ ನೆಕ್ಕಿದರೆ ನಡುಕ, ವಾಂತಿ, ಸೆಳೆತ ಉಂಟಾಗಬಹುದು. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ನೆಕ್ಕುವಾಗ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ.

ಶ್ರವಣಾತೀತ ಶಬ್ದ ಹೊರಡಿಸಿ ಚಿಗಟ ಓಡಿಸುತ್ತೇವೆನ್ನುವ ಕೊರಳಪಟ್ಟಿಗಳೂ ಮಾರಾಟಕ್ಕಿವೆ. ಪ್ರಯೋಗಗಳಲ್ಲಿ ಇಂಥವು ಚಿಗಟದ ಮೇಲೆ ಯಾವ ಪರಿಣಾಮವನ್ನೂ ತೋರಿಸಿಲ್ಲ. ನಾಯಿಗೋ ಸುಮಾರು 45 ಕಿಲೋಹರ್ಟ್ಸ್‌ವರೆಗಿನ ಶಬ್ದ ಕೇಳಿಸುತ್ತದೆ. ಚಿಗಟಕ್ಕೆ ತಾಗದ ಸದ್ದು ನಾಯಿಯ ಕಿವಿಯಲ್ಲಿ ದಿನವಿಡೀ ಮೊಳಗುವ ಸಂಭವವೇ ಹೆಚ್ಚು!

ಪಶುವೈದ್ಯರ ಔಷಧಗಳು

ಒಳ್ಳೆಯ ಔಷಧದ ಲಕ್ಷಣವನ್ನು ನಾವೇ ತರ್ಕಿಸಬಹುದು. ಮೈ ಏರಿದ ಚಿಗಟ ಮೊಟ್ಟೆ ಇಡುವುದು 24 ಗಂಟೆಗಳ ನಂತರ. ಅಷ್ಟರೊಳಗೆ ಅದು ಸತ್ತರೆ, ಮತ್ತು ಈ ಪರಿಣಾಮ ವಾರಗಟ್ಟಲೆ ಉಳಿದರೆ, ಹೊಸ ಮೊಟ್ಟೆಗಳೇ ಇರುವುದಿಲ್ಲ. ಆಗ ನಾಯಿಯೇ ಚಿಗಟಗಳಿಗೆ ಬಲೆಯಾಗುತ್ತದೆ.

ಹಳೆಯ ಪೈರೆಥ್ರಿನ್ ಸೇವಂತಿಗೆಯ ಬಂಧುವಾದ ಹೂವಿನಿಂದ ಬಂದದ್ದು. ಬೇಗ ಕೊಲ್ಲುತ್ತದೆ, ಆದರೆ ಬೆಳಕಿಗೆ ಬೇಗ ಒಡೆಯುತ್ತದೆ. ಬೆಳಕಿಗೆ ಬಾಳುವ ಅದರ ಕೃತಕ ರೂಪವಾದ ಪರ್ಮೆಥ್ರಿನ್‌ನ್ನು ಇಂಗ್ಲೆಂಡಿನಲ್ಲಿ ಮೈಕೆಲ್ ಎಲಿಯಟ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದರು. ಇದನ್ನು ನಾಯಿ ತಾಳಿಕೊಳ್ಳುತ್ತದೆ, ಬೆಕ್ಕಿಗೆ ಇದು ಮಾರಕ ವಿಷ. ಬೆಕ್ಕಿನ ಯಕೃತ್ತು ಇದನ್ನು ಬೇಗ ವಿಸರ್ಜಿಸಲಾರದು. ನಾಯಿ, ಬೆಕ್ಕು ಎರಡೂ ಇರುವ ಮನೆಯವರು ಇದನ್ನು ಗಮನದಲ್ಲಿಡಬೇಕು.

ಬೆನ್ನಿಗೆ ಹಾಕುವ ಹನಿಗಳಲ್ಲಿ ಫಿಪ್ರೊನಿಲ್, ಇಮಿಡಾಕ್ಲೊಪ್ರಿಡ್ ಪ್ರಸಿದ್ಧ. ಫಿಪ್ರೊನಿಲ್ ಚರ್ಮದ ಎಣ್ಣೆಯಲ್ಲಿ ಕರಗಿ ಮೈಯೆಲ್ಲ ಹರಡಿ, ತೈಲಗ್ರಂಥಿಗಳಲ್ಲಿ ನೆಲೆಸಿ, ಸುಮಾರು ಒಂದು ತಿಂಗಳು ಕೆಲಸ ಮಾಡುತ್ತದೆ. ಹನಿ ಹಾಕುವ ಹಿಂದುಮುಂದಿನ ಎರಡು ದಿನ ನಾಯಿಗೆ ಸ್ನಾನ ಬೇಡವೆನ್ನುವುದು ಇದಕ್ಕೇ: ಶಾಂಪೂ ಆ ಎಣ್ಣೆಯನ್ನೇ ತೊಳೆದುಬಿಡುತ್ತದೆ. ಇವೆರಡೂ ನೀರಿನ ಕೀಟಗಳಿಗೆ ಕಡು ವಿಷ. ಇಂಗ್ಲೆಂಡಿನ ನದಿಗಳಲ್ಲಿ ಇವುಗಳ ಅಂಶ ಪತ್ತೆಯಾಗಿದೆ. ಆದ್ದರಿಂದ ಹನಿ ಹಾಕಿದ ನಾಯಿಯನ್ನು ಕೆರೆ, ಬಾವಿಕಟ್ಟೆಗಳಲ್ಲಿ ಮೀಯಿಸಬಾರದು.

ಇತ್ತೀಚಿನವು ಬಾಯಿಯ ಮೂಲಕ ಕೊಡುವ ಐಸೊಕ್ಸಜೋಲಿನ್ ವರ್ಗದ ಮಾತ್ರೆಗಳು: ಅಫೊಕ್ಸೊಲೇನರ್, ಸರೊಲೇನರ್ ತಿಂಗಳಿಗೊಮ್ಮೆ, ಫ್ಲುರಲೇನರ್ ಹನ್ನೆರಡು ವಾರಕ್ಕೊಮ್ಮೆ. ಉಣ್ಣಿಗೂ ಇವು ಪರಿಣಾಮಕಾರಿ. ಕೀಟದ ನರಗಳ ಕ್ಲೋರೈಡ್ ದ್ವಾರಗಳನ್ನು ಇವು ಮುಚ್ಚುತ್ತವೆ. ಸಸ್ತನಿಗಳ ದ್ವಾರಗಳಿಗೆ ಅಷ್ಟಾಗಿ ಅಂಟುವುದಿಲ್ಲ. ಆದರೂ ಕೆಲವು ನಾಯಿಗಳಲ್ಲಿ ನಡುಕ, ಸೆಳೆತ ಕಾಣಿಸಿಕೊಳ್ಳಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಮೂರ್ಛೆಯ ಇತಿಹಾಸವಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮೆಥೊಪ್ರೀನ್, ಪೈರಿಪ್ರಾಕ್ಸಿಫೆನ್ ಎಂಬುವು ಕೀಟದ ಬಾಲ್ಯ ಹಾರ್ಮೋನನ್ನು ಅನುಕರಿಸಿ ಮೊಟ್ಟೆ, ಮರಿಹುಳುಗಳು ಮುಂದೆ ಬೆಳೆಯದಂತೆ ತಡೆಯುತ್ತವೆ.

ಎಂಟು ವಾರ ತುಂಬದ ಮರಿಗಳಿಗೆ ಹೆಚ್ಚಿನ ಔಷಧಗಳು ಸಲ್ಲವು. ಅವಕ್ಕೆ ಬಾಚಣಿಗೆ, ಬೆಚ್ಚನೆಯ ನೀರಿನ ಸ್ನಾನ, ತಾಯಿಗೆ ಚಿಕಿತ್ಸೆ ಹಾಗೂ ಹಾಸಿಗೆಯ ಶುಚಿತ್ವ ಇವೇ ಆಧಾರ. ಯಾವ ಔಷಧವಾದರೂ ನಾಯಿಯ ತೂಕಕ್ಕೆ ತಕ್ಕ ಪ್ರಮಾಣ ಅಗತ್ಯ. ದನದ ಕೊಟ್ಟಿಗೆಗೆ ತಂದ ಕೀಟನಾಶಕವನ್ನು ನಾಯಿಗೆ ಸಿಂಪಡಿಸುವುದು ಸಲ್ಲದು.

ಮೂರು ತಿಂಗಳ ತಾಳ್ಮೆ

ಔಷಧ ಹಾಕಿದ ಎರಡು ವಾರಕ್ಕೆ ಮತ್ತೆ ಚಿಗಟ ಕಂಡರೆ 'ಇದು ಕೆಲಸಕ್ಕೆ ಬಾರದು' ಎಂದು ಕೈಬಿಡುವವರು ಬಹಳ. ನೆಲದಲ್ಲಿದ್ದ ಆ 380 ಎಲ್ಲಿ ಹೋಗಬೇಕು? ಗೂಡಿನೊಳಗಿನ ಚಿಗಟಕ್ಕೆ ಯಾವ ಔಷಧವೂ ಸರಿಯಾಗಿ ತಾಗದು. ಅವು ಒಂದೊಂದಾಗಿ ಹೊರಬಂದು, ನಾಯಿಯನ್ನು ಏರಿ, ಮೊಟ್ಟೆ ಇಡದೆ ಸಾಯಬೇಕು. ಅದಕ್ಕೆ ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ, ಬೆಕ್ಕಿಗೆ ಬೆಕ್ಕಿನದೇ ಔಷಧವನ್ನು, ಕನಿಷ್ಠ ಮೂರು ತಿಂಗಳು ತಪ್ಪದೆ ಕೊಡಬೇಕು. ನೆಲದ ಶುಚಿಯೂ ಜೊತೆಗೆ ನಡೆಯಬೇಕು. ನೈಸರ್ಗಿಕ ಕ್ರಮ ನೆಲಕ್ಕೆ, ಔಷಧ ನಾಯಿಗೆ: ಇವೆರಡೂ ಎದುರಾಳಿಗಳಲ್ಲ, ಜೋಡೆತ್ತುಗಳು. ಈ ಲೆಕ್ಕ ತಿಳಿಯದೆ, ಚಿಗಟ ಹೋಗಲಿಲ್ಲವೆಂದು ನಾಯಿಯನ್ನೇ ಊರಾಚೆ ಬಿಟ್ಟುಬರುವವರೂ ಇದ್ದಾರೆ.

ಮಾಡಿ ನೋಡಿ

1. ಒದ್ದೆಯಾದ ಬಿಳಿ ಕಾಗದವನ್ನು ನಾಯಿಯ ಕೆಳಗಿಟ್ಟು ಕೂದಲನ್ನು ಉಜ್ಜಿ. ಉದುರಿದ ಕರಿ ಚುಕ್ಕಿಗಳ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಹರಡದಿದ್ದರೆ ಬರಿಯ ದೂಳು.

2. ಕತ್ತಲೆಯ ಕೋಣೆಯಲ್ಲಿ ಅಗಲವಾದ ತಟ್ಟೆಗೆ ಸೋಪಿನ ನೀರು ಹಾಕಿ ನೆಲದ ಮೇಲಿಟ್ಟು, ಅದರ ಮೇಲೆ ಸಣ್ಣ ದೀಪವೊಂದನ್ನು ರಾತ್ರಿಯಿಡೀ ಬೆಳಗಿಸಿ. ದೀಪ, ವೈರುಗಳು ನೀರಿಗೆ ಬೀಳದಂತೆ ಎಚ್ಚರ ವಹಿಸಿ. ಬ್ಯಾಟರಿ ದೀಪವೇ ಉತ್ತಮ. ಹಸಿರು-ಹಳದಿ ಬೆಳಕು ಚಿಗಟವನ್ನು ಹೆಚ್ಚು ಸೆಳೆಯುತ್ತದೆ. ಬಣ್ಣದ ಪಾರದರ್ಶಕ ಕಾಗದ ಬದಲಿಸಿ ಹೋಲಿಸಬಹುದು. ಈ ಬಲೆ ಚಿಗಟವನ್ನು ನಿರ್ಮೂಲ ಮಾಡದು, ಎಣಿಕೆ ಮಾತ್ರ ತಿಳಿಸುತ್ತದೆ.

3. ಚಿಕಿತ್ಸೆ ಆರಂಭಿಸಿದ ದಿನದಿಂದ ವಾರಕ್ಕೊಮ್ಮೆ ಹತ್ತು ನಿಮಿಷ ಬಾಚಿ, ಸಿಕ್ಕ ಚಿಗಟಗಳ ಸಂಖ್ಯೆಯನ್ನು ನಕ್ಷೆಯಲ್ಲಿ ಗುರುತಿಸಿ. ರೇಖೆ ನೇರವಾಗಿ ಇಳಿಯದೆ ನಡುವೆ ಒಮ್ಮೆ ಏರಬಹುದು. ಆ ಏರಿಕೆ ಯಾವ ವಾರ ಬಂತು, ಏಕೆ ಬಂತು ಎಂಬುದನ್ನು ತರಗತಿಯಲ್ಲಿ ಚರ್ಚಿಸಿ. ಹನ್ನೆರಡನೆಯ ವಾರದಲ್ಲಿ ಸೊನ್ನೆ ಬಂದರೆ, ಚಿಕಿತ್ಸೆ ಫಲಿಸಿತೆಂಬುದಕ್ಕೆ ನೆರೆಹೊರೆಯವರ ಮಾತಿಗಿಂತ ಗಟ್ಟಿಯಾದ ಪುರಾವೆ ನಿಮ್ಮ ಕೈಯಲ್ಲೇ ಇರುತ್ತದೆ.